ಬಯಲಲ್ಲಿ ನಿಲ್ಲುವ ಕಾರು: ಬಿಸಿಲಿಗೆ ಯಾವುದು, ಹಿಮಕ್ಕೆ ಯಾವುದು?

ನನ್ನ ಕಾರಿಗೆ ಸೂರಿಲ್ಲ. ಕೊಂಡ ದಿನದಿಂದ ಬಯಲಲ್ಲೇ ನಿಂತಿದೆ. ಬೇಸಿಗೆಯಲ್ಲಿ ಬಾಗಿಲು ತೆಗೆದರೆ ಒಲೆಯ ಮುಂದೆ ಕೂತ ಹಾಗೆ. ಚಳಿಗಾಲದಲ್ಲಿ ಕೆಲವು ದಿನ ಬಾಗಿಲೇ ತೆಗೆಯಲು ಬಾರದು, ರಬ್ಬರು ಹೆಪ್ಪುಗಟ್ಟಿ ಕಚ್ಚಿಕೊಂಡಿರುತ್ತದೆ. ನಾಲ್ಕು ವರ್ಷ ಎರಡಕ್ಕೂ ಮದ್ದು ಹುಡುಕಿದ್ದೇನೆ. ಕೊಂಡದ್ದರಲ್ಲಿ ಅರ್ಧ ವ್ಯರ್ಥವಾಯಿತು. ಯಾವ ಅರ್ಧ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಮೊದಲು ಬಿಸಿಲು. ಗಾಜು ಬೆಳಕನ್ನು ಒಳಗೆ ಬಿಡುತ್ತದೆ. ಆ ಬೆಳಕನ್ನು ಹೀರಿ ಕಾದ ಡ್ಯಾಶ್‌ಬೋರ್ಡು, ಸೀಟು ಹೊರಸೂಸುವ ಶಾಖವನ್ನು ಹೊರಗೆ ಬಿಡುವುದಿಲ್ಲ. ಬಿಸಿಯಾದ ಗಾಳಿಗೂ ಹೋಗಲು ದಾರಿಯಿಲ್ಲ. 2018ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಕಡುಬೇಸಿಗೆಯಲ್ಲಿ ಕಾರುಗಳನ್ನು ನಿಲ್ಲಿಸಿ ಅಳೆದರು. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನ ಡ್ಯಾಶ್‌ಬೋರ್ಡು ಸರಾಸರಿ 69 ಡಿಗ್ರಿ ಸೆಲ್ಸಿಯಸ್, ಸ್ಟೀರಿಂಗ್ 53, ಒಳಗಿನ ಗಾಳಿ 47. ನೆರಳಲ್ಲಿ ನಿಂತದ್ದರಲ್ಲಿ ಡ್ಯಾಶ್‌ಬೋರ್ಡು 48, ಸ್ಟೀರಿಂಗ್ 42, ಗಾಳಿ 38. ದುಡ್ಡು ಕೊಟ್ಟು ತಂದ ಯಾವ ವಸ್ತುವೂ ನನ್ನ ಕಾರಿನಲ್ಲಿ ಇಷ್ಟು ಅಂತರ ತೋರಿಸಿಲ್ಲ. ಆದ್ದರಿಂದ ಬಿಸಿಲಿನ ಪಂದ್ಯದಲ್ಲಿ ಮೊದಲ ಸ್ಥಾನ ನೆರಳಿಗೇ.

ಆದರೆ ನೆರಳು ಒಂದೇ ಕಡೆ ನಿಲ್ಲುವುದಿಲ್ಲ, ಇದನ್ನು ಅರಿಯಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು. ಬೆಳಿಗ್ಗೆ ಬಂದು ಮರದ ದಟ್ಟ ನೆರಳು ನೋಡಿ ಖುಷಿಯಿಂದ ನಿಲ್ಲಿಸುತ್ತಿದ್ದೆ. ಮಧ್ಯಾಹ್ನ ಮೂರಕ್ಕೆ ನೋಡಿದರೆ ನೆರಳು ಎದುರು ಸಾಲಿನವರ ಕಾರಿನ ಮೇಲೆ! ಬೆಳಗಿನ ನೆರಳು ಮರದ ಪಶ್ಚಿಮಕ್ಕೆ ಬೀಳುತ್ತದೆ, ಮಧ್ಯಾಹ್ನದ್ದು ಪೂರ್ವಕ್ಕೆ. ಸುಡುವುದು ಮಧ್ಯಾಹ್ನ ತಾನೇ? ಹಾಗಾಗಿ ಬೆಳಿಗ್ಗೆ ಬಿಸಿಲು ಬಡಿಯುತ್ತಿದ್ದರೂ ಕಟ್ಟಡದ ಇಲ್ಲವೇ ಮರದ ಪೂರ್ವ ಮಗ್ಗುಲಲ್ಲೇ ನಿಲ್ಲಿಸಬೇಕು. ಈ ಒಂದು ಮಾತು ನೆನಪಿರಲಿ, ಹಿಮದ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಮರಕ್ಕಿಂತ ಕಟ್ಟಡದ ನೆರಳು ನನಗಿಷ್ಟ. ಹಕ್ಕಿಯ ಹಿಕ್ಕೆಯೂ ಮರದ ಅಂಟೂ ಬಿಸಿಗೆ ಬೆಂದು ಬಣ್ಣಕ್ಕೆ ಕಚ್ಚಿದರೆ ಒರೆಸಿದಷ್ಟಕ್ಕೆ ಹೋಗುವುದಿಲ್ಲ.

ನೆರಳು ಸಿಗದ ದಿನಗಳಿಗೆ ನಾಲ್ಕು ಉಪಾಯ ಪ್ರಯತ್ನಿಸಿದೆ. ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿ ಬಿಡುವುದು ಎಲ್ಲರೂ ಹೇಳುವ ಮಾತು, ಆದರೆ ಉಪಯೋಗ ಕಾಣಲಿಲ್ಲ. ಒಳಗಿನ ಬಿಸಿ ಏರುವ ವೇಗದ ಮುಂದೆ ಅಷ್ಟು ಸಂದು ಲೆಕ್ಕಕ್ಕಿಲ್ಲ. ಸಾಲದ್ದಕ್ಕೆ ಒಂದು ದಿನ ಮಳೆ ಬಂದು ಸೀಟು ನೆನೆಯಿತು.

ಇಡೀ ಕಾರು ಮುಚ್ಚುವ ಕವರ್ ಕಾಗದದ ಮೇಲೆ ಗೆಲ್ಲಬೇಕಾದದ್ದು. ಬಿಸಿಲು ಗಾಜಿನವರೆಗೆ ಬರುವುದೇ ಇಲ್ಲವಲ್ಲ. ಒಳಗೆ ನಿಜಕ್ಕೂ ತಂಪಿತ್ತು, ಬಣ್ಣವೂ ಉಳಿಯುತ್ತಿತ್ತು. ಆದರೆ ಒಬ್ಬನೇ ಹೊದಿಸಲು ಐದು ನಿಮಿಷ, ತೆಗೆದು ಮಡಚಲು ಇನ್ನೂ ಐದು. ಮೊದಲ ವಾರ ದಿನವೂ ಹಾಕಿದೆ, ಎರಡನೇ ವಾರ ಎರಡು ದಿನ, ಆಮೇಲೆ ಅದು ಡಿಕ್ಕಿಯಲ್ಲಿ ಮಲಗಿತು. ಇನ್ನೊಂದು ಕಾಟವೂ ಇದೆ. ಧೂಳು ಕೂತ ಕಾರಿನ ಮೇಲೆ ಕವರ್ ಹಾಕಿ ಗಾಳಿ ಬೀಸಿತೋ, ಬಟ್ಟೆ ಅಲ್ಲಾಡಿದಷ್ಟೂ ಆ ಧೂಳು ಮರಳು ಕಾಗದದಂತೆ ಬಣ್ಣವನ್ನು ಉಜ್ಜುತ್ತದೆ. ನನ್ನ ಬಾನೆಟ್ಟಿನ ಅಂಚಿನಲ್ಲಿ ಅದರ ಗುರುತು ಇಂದಿಗೂ ಇದೆ. ವಾರಗಟ್ಟಲೆ ಕದಲದೆ ನಿಲ್ಲುವ ಕಾರಿಗಾದರೆ ಕವರ್ ಸರಿ. ದಿನ ಓಡುವ ಕಾರಿಗೆ ಬೇಡ.

ಮುಂಗಾಜಿನ ಒಳಗಡೆ ಇಡುವ ಬೆಳ್ಳಿ ಬಣ್ಣದ ಮಡಚುವ ಸನ್‌ಶೇಡಿನದು ಇದಕ್ಕೆ ವಿರುದ್ಧದ ಕಥೆ. ಗುಣದಲ್ಲಿ ಕವರಿಗಿಂತ ಕಡಿಮೆ, ಏಕೆಂದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ, ಪಕ್ಕದ ಗಾಜುಗಳು ಹಾಗೇ ತೆರೆದಿರುತ್ತವೆ. ಗಾಳಿ ತಂಪಾಗುವುದಿಲ್ಲ, ಆ ಆಸೆ ಬೇಡ. ಆದರೆ ಸ್ಟೀರಿಂಗ್ ಹಿಡಿಯುವಷ್ಟಿರುತ್ತದೆ, ಡ್ಯಾಶ್‌ಬೋರ್ಡು ಬಿರಿಯುವುದಿಲ್ಲ, ಹಾಕಲು ಇಪ್ಪತ್ತು ಸೆಕೆಂಡು ಸಾಕು. ನಾಲ್ಕು ವರ್ಷವಾದರೂ ದಿನವೂ ಹಾಕುತ್ತಿರುವುದು ಇದೊಂದನ್ನೇ. ಛತ್ರಿಯಂತೆ ಬಿಚ್ಚುವ ಬಗೆಯೂ ಬಂದಿದೆ, ಆದರೆ ಅದರ ಕಡ್ಡಿಗಳು ಡ್ಯಾಶ್‌ಬೋರ್ಡಿನ ಪರದೆಗೆ ತಾಗಿ ಗೀರು ಬೀಳಿಸಿದವು. ನನ್ನ ಮತ ಅಕಾರ್ಡಿಯನ್ನಿನಂತೆ ಮಡಚುವ ಹಳೆಯದಕ್ಕೇ.

ನಾಲ್ಕನೆಯದು ಗಾಜಿಗೆ ಅಂಟಿಸುವ ಫಿಲ್ಮ್. ಕಪ್ಪಗಿದ್ದಷ್ಟೂ ತಂಪು ಎಂದು ನಾನೂ ನಂಬಿದ್ದೆ. ಹಾಗಿಲ್ಲ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಬರೀ ಬಣ್ಣ ಬಳಿದ ಅಗ್ಗದ ಫಿಲ್ಮ್ ಕತ್ತಲೆ ಮಾಡುತ್ತದೆಯೇ ಹೊರತು ಆ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ. ಸೆರಾಮಿಕ್ ಫಿಲ್ಮ್ ತಿಳಿಯಾಗಿ ಕಂಡರೂ ತಡೆಯುತ್ತದೆ. ಓಡಿಸುವಾಗ ಅದರ ಸುಖ ಗೊತ್ತಾಗುತ್ತದೆ. ಇಡೀ ದಿನ ನಿಂತ ಕಾರಿನಲ್ಲಿ ಮಾತ್ರ ಬಿಸಿ ನಿಧಾನವಾಗಿ ಸೇರಿಕೊಂಡೇ ಬಿಡುತ್ತದೆ. ಎಷ್ಟು ಗಾಢ ಇರಬಹುದು ಎಂಬುದಕ್ಕೆ ಕಾನೂನೂ ಇರುತ್ತದೆ, ಅಂಟಿಸುವ ಮೊದಲೇ ನೋಡಿಕೊಳ್ಳಿ.

ಮರಳಿ ಬಂದಾಗ ನಾನು ಮಾಡುವುದಿಷ್ಟು. ಒಂದು ಮಗ್ಗುಲಿನ ಕಿಟಕಿ ಇಳಿಸಿ ಎದುರು ಮಗ್ಗುಲಿನ ಬಾಗಿಲನ್ನು ಐದಾರು ಸಲ ಬೀಸಣಿಗೆಯಂತೆ ತೆಗೆದು ಹಾಕುತ್ತೇನೆ, ಬೆಂದ ಗಾಳಿ ಹೊರಗೆ ಹೋಗುತ್ತದೆ. ಹೊರಟ ಮೇಲೂ ಸ್ವಲ್ಪ ದೂರ ಕಿಟಕಿ ತೆರೆದೇ ಇರುತ್ತದೆ. ಆಮೇಲೆ ಮುಚ್ಚಿ ಎಸಿಯನ್ನು ಒಳಗಾಳಿಗೆ ತಿರುಗಿಸುತ್ತೇನೆ. ನೋಡುವವರು ನಗುತ್ತಾರೆ, ನಗಲಿ. ಇನ್ನೊಂದು ಮಾತು. ಮೇಲೆ ಹೇಳಿದ ಯಾವ ಉಪಾಯವನ್ನೂ ನೆಚ್ಚಿ ಮಗುವನ್ನೋ ನಾಯಿಯನ್ನೋ ಒಳಗೆ ಬಿಟ್ಟು ಹೋಗಬೇಡಿ, ಎರಡೇ ನಿಮಿಷ ಎಂದೂ ಬೇಡ.

ಇನ್ನು ಹಿಮ. ಇಲ್ಲಿ ಲೆಕ್ಕವೇ ತಿರುವುಮುರುವು. ಬಿಸಿಲಿಗೆ ಒಳಗಿಟ್ಟ ಹಾಳೆ ನಡೆಯುತ್ತದೆ, ಹಿಮಕ್ಕೆ ಗಾಜಿನ ಹೊರಗೇ ಇರಬೇಕು. ಥರ್ಮಾಮೀಟರ್ ಎರಡು ಮೂರು ಡಿಗ್ರಿ ತೋರಿಸಿದರೂ ಬೆಳಿಗ್ಗೆ ಗಾಜು ಬೆಳ್ಳಗಿರುವುದನ್ನು ಕಂಡು ಮೊದಲು ತಲೆಕೆರೆದುಕೊಂಡಿದ್ದೆ. ಮೋಡವಿಲ್ಲದ ರಾತ್ರಿಯಲ್ಲಿ ಗಾಜು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತ ತಣ್ಣಗಾಗಿ ಸೊನ್ನೆಯ ಕೆಳಗೆ ಇಳಿಯುತ್ತದೆ, ಅಲ್ಲಿ ತೇವ ಹೆಪ್ಪುಗಟ್ಟುತ್ತದೆ. ಅಂದರೆ ಗಾಜಿಗೆ ಆಕಾಶ ಕಾಣದಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಗೋಡೆಯೋ ಮರವೋ ಪಕ್ಕದಲ್ಲಿದ್ದ ಕಾರಿಗೆ ಹಿಮ ಕಡಿಮೆ ಕೂರುವುದು ಇದಕ್ಕೇ.

ಈಗ ಆ ಪೂರ್ವ ಮಗ್ಗುಲನ್ನು ನೆನೆಯಿರಿ. ಕಟ್ಟಡ ಒಂದು ಕಡೆಯ ಆಕಾಶವನ್ನು ಮರೆಮಾಡುತ್ತದೆ. ಮೂತಿ ಪೂರ್ವಕ್ಕಿಟ್ಟರೆ ಎಳೆಬಿಸಿಲು ನೇರ ಮುಂಗಾಜಿಗೆ ಬಿದ್ದು ಉಳಿದದ್ದನ್ನು ಕರಗಿಸುತ್ತದೆ. ಬೇಸಿಗೆಗೆ ಆರಿಸಿದ ಜಾಗವೇ ಚಳಿಗೂ ಒದಗಿತು. ಸೂರ್ಯ ಹುಟ್ಟುವ ಮೊದಲೇ ಹೊರಡಬೇಕಾದ ದಿನ ಮಾತ್ರ ಅದರಿಂದ ಸುಖವಿಲ್ಲ, ನನಗೆ ಹೆಚ್ಚಿನ ದಿನಗಳು ಅಂಥವೇ.

ಅಂಥ ದಿನಗಳಿಗೆ ಗಾಜಿನ ಹಿಮ ಕೆರೆಯುವ ಸ್ಕ್ರೇಪರ್. ಇದು ಸೋಲುವುದಿಲ್ಲ, ಆದರೆ ಬೆರಳು ಮರಗಟ್ಟುತ್ತದೆ. ಪ್ಲಾಸ್ಟಿಕ್ಕಿನದೇ ಇರಲಿ. ಮೊದಲ ಸಲ ಕೈಗೆ ಸಿಕ್ಕ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದೆ, ಹಿಮಕ್ಕಿಂತ ಮೊದಲು ಕಾರ್ಡು ಮುರಿಯಿತು. ಕಣ್ಣಿನ ಎದುರಿಗೊಂದು ಕಿಂಡಿ ಕೆರೆದುಕೊಂಡು ಓಡಿಸುವವರನ್ನು ನೋಡಿದ್ದೇನೆ, ಅವರ ಹಿಂದೆ ಹೋಗುವುದಕ್ಕೂ ನನಗೆ ಭಯ.

ಹಿಮ ಕರಗಿಸುವ ಡೀಐಸರ್ ಸ್ಪ್ರೇ ಇದಕ್ಕಿಂತ ಹಗುರ. ಅದರ ಸತ್ವ ಆಲ್ಕೋಹಾಲ್. ಐಸೊಪ್ರೊಪೈಲ್ ಆಲ್ಕೋಹಾಲ್ ಹೆಪ್ಪುಗಟ್ಟುವುದು ಮೈನಸ್ 89 ಡಿಗ್ರಿಯಲ್ಲಿ. ಎರಡು ಪಾಲು ಆಲ್ಕೋಹಾಲಿಗೆ ಒಂದು ಪಾಲು ನೀರು ಬೆರೆಸಿ ಮನೆಯಲ್ಲೇ ಮಾಡಿಕೊಂಡದ್ದೂ ಅಂಗಡಿಯದೂ ನನ್ನ ಗಾಜಿನ ಮೇಲೆ ಒಂದೇ ರೀತಿ ನಡೆದವು. ತೆಳು ಪದರಕ್ಕೆ ಒಂದು ನಿಮಿಷ ಸಾಕು, ದಪ್ಪ ಮಂಜುಗಡ್ಡೆಗೆ ಅರ್ಧ ಬಾಟಲಿ ಸುರಿದರೂ ಕೆರೆಯುವುದು ತಪ್ಪಲಿಲ್ಲ. ಬಾಟಲಿಯನ್ನು ಬೆಂಕಿಯಿಂದ ದೂರ, ಮನೆಯೊಳಗೇ ಇಡಿ. ಕಾರೇ ತೆಗೆಯಲು ಬಾರದ ದಿನ ಕಾರಿನೊಳಗೆ ಇರುವ ಸ್ಪ್ರೇಯಿಂದ ಏನು ಬಂತು? ನಾನು ಹಾಗೇ ಸಿಕ್ಕಿಕೊಂಡಿದ್ದೆ.

ಬಿಸಿನೀರು ಮಾತ್ರ ಬೇಡವೇ ಬೇಡ. ಪಕ್ಕದ ಮನೆಯವರು ಕೆಟಲ್ ತಂದು ಸುರಿದಾಗ ನಾನು ಅಲ್ಲೇ ನಿಂತಿದ್ದೆ. ಮೂಲೆಯಲ್ಲಿದ್ದ ಕಲ್ಲೇಟಿನ ಸಣ್ಣ ಗುರುತು ಟಕ್ ಎಂದು ಗಾಜಿನ ಆ ತುದಿಗೆ ಓಡಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎಂಜಿನ್ ಚಾಲೂ ಮಾಡಿ ಹೀಟರ್ ಹಾಕಿ ಕಾಯುವುದು ಸುಲಭ, ಆದರೆ ತಣ್ಣಗಿನ ಎಂಜಿನ್ ನಿಂತಲ್ಲೇ ನಿಧಾನಕ್ಕೆ ಬಿಸಿಯಾಗುತ್ತದೆ, ಇಂಧನ ಸುಮ್ಮನೆ ಉರಿಯುತ್ತದೆ. ಸೈಲೆನ್ಸರಿನ ಬಾಯಿ ಹಿಮದಲ್ಲಿ ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರಬಹುದು. ಅದಕ್ಕೆ ವಾಸನೆಯೇ ಇಲ್ಲ. ವಿದ್ಯುತ್ ಕಾರಿನವರ ಅದೃಷ್ಟ ಬೇರೆ. ಚಾರ್ಜರಿಗೆ ಸಿಕ್ಕಿಸಿದ್ದಾಗಲೇ ಒಳಗನ್ನು ಬಿಸಿ ಮಾಡಿಕೊಂಡು ಹೊರಡುತ್ತಾರೆ.

ನನ್ನಲ್ಲಿ ಗೆದ್ದದ್ದು ಮುಂಗಾಜಿಗೆ ಹೊರಗಿನಿಂದ ಹೊದಿಸುವ ದಪ್ಪ ಹಾಳೆ. ಎರಡು ಕಿವಿಗಳನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿದರೆ ಗಾಳಿಗೆ ಹಾರುವುದಿಲ್ಲ. ಬೆಳಗಿನ ಹತ್ತು ನಿಮಿಷದ ಪರದಾಟವನ್ನು ರಾತ್ರಿಯ ಒಂದು ನಿಮಿಷಕ್ಕೆ ಇಳಿಸುತ್ತದೆ. ಗಾಜು ಒದ್ದೆ ಇದ್ದಾಗ ಹಾಕಬಾರದು, ಹಾಳೆಯೇ ಗಾಜಿಗೆ ಅಂಟಿ ಬೆಳಿಗ್ಗೆ ಎಳೆದರೆ ಹರಿಯುತ್ತದೆ. ನನ್ನ ಮೊದಲ ಹಾಳೆ ಹೋದದ್ದು ಹಾಗೆ. ಇಡೀ ಕಾರಿನ ಕವರಿಗೂ ಇದೇ ಗತಿ, ಇನ್ನೂ ದೊಡ್ಡ ಪ್ರಮಾಣದಲ್ಲಿ.

ಹಾಳೆ ಕಾಯದ ಭಾಗಗಳಿಗೆ ಕೆಲವು ಸಣ್ಣ ಅಭ್ಯಾಸಗಳು. ನಿಲ್ಲಿಸುವ ಮೊದಲು ವೈಪರ್ ಸ್ವಿಚ್ ಆಫ್ ಮಾಡುತ್ತೇನೆ, ಇಲ್ಲದಿದ್ದರೆ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಅಂಟಿಕೊಂಡ ವೈಪರಿನ ಮೋಟಾರು ಒದ್ದಾಡುತ್ತದೆ. ಬಾಗಿಲ ರಬ್ಬರಿಗೆ ಚಳಿಗಾಲದ ಮೊದಲೇ ಸಿಲಿಕೋನ್ ಹಚ್ಚುತ್ತೇನೆ. ಬ್ಯಾಟರಿಗಂತೂ ಎರಡು ಕಾಲವೂ ಶತ್ರುವೇ. ಬಿಸಿಲು ಅದರ ಆಯುಸ್ಸು ತಿನ್ನುತ್ತದೆ, ಸೋತದ್ದು ಗೊತ್ತಾಗುವುದು ಚಳಿಯಲ್ಲಿ. ಬೇಸಿಗೆ ಮುಗಿಯುತ್ತಿದ್ದಂತೆ ಪರೀಕ್ಷೆ ಮಾಡಿಸುವುದನ್ನು ನಾನು ಕಲಿತದ್ದು ಕತ್ತಲಲ್ಲಿ ಒಂದು ಮುಂಜಾನೆ ಟಿಕ್ ಟಿಕ್ ಸದ್ದು ಕೇಳಿದ ಮೇಲೆ.

ಆ ಹೊರಗಿನ ಹಾಳೆಯನ್ನು ಬೇಸಿಗೆಯಲ್ಲೂ ಹಾಕಿ ನೋಡಿದೆ. ಒಳಗಿನ ಸನ್‌ಶೇಡಿಗಿಂತ ಚೆನ್ನಾಗಿ ತಡೆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮಧ್ಯಾಹ್ನ ತೆಗೆಯುವಾಗ ಅದೇ ಕಾದ ಹೆಂಚಿನಂತಿತ್ತು, ಮಡಚಿ ಒಳಗಿಟ್ಟರೆ ಅದರ ಬಿಸಿಯೂ ಒಳಗೇ. ಹಾಗಾಗಿ ಬಿಸಿಲಿಗೆ ಸನ್‌ಶೇಡು, ಹಿಮಕ್ಕೆ ಈ ಹಾಳೆ, ಎರಡೂ ಸೀಟಿನ ಹಿಂದೆ ಇರುತ್ತವೆ. ದೊಡ್ಡ ಕವರನ್ನು ಕಳೆದ ಚಳಿಗಾಲದಲ್ಲಿ ಕತ್ತರಿಸಿ ಪಕ್ಕದ ಕನ್ನಡಿಗಳಿಗೆ ಎರಡು ಚೀಲ ಹೊಲಿದೆ. ಆ ಕವರಿನಿಂದ ಕಾರಿಗೆ ಆದ ಉಪಕಾರ ಅಷ್ಟೇ.