ಚಿಪ್ ಆಂಪ್‌ಗೆ ಟೊರಾಯ್ಡಾ, ಇಐ ಟ್ರಾನ್ಸ್‌ಫಾರ್ಮರಾ, ಎಸ್‌ಎಂಪಿಎಸ್ಸಾ?

ಎಲ್‌ಎಂ3886 (ಇಡೀ ಆಂಪ್ಲಿಫೈಯರ್ ಒಂದೇ ಐಸಿಯೊಳಗಿರುವ ಚಿಪ್) ಹಾಕಿದ ಸ್ಟೀರಿಯೊ ಆಂಪ್‌ಗೆ ಮೂರೂ ಬಗೆಯ ಸಪ್ಲೈ ಕೊಟ್ಟು ಕೇಳಿದ್ದೇನೆ: ಬಳೆಯಾಕಾರದ ಟ್ರಾನ್ಸ್‌ಫಾರ್ಮರ್ ಟೊರಾಯ್ಡ್, ಇ ಮತ್ತು ಐ ಆಕಾರದ ಹಾಳೆಗಳನ್ನು ಜೋಡಿಸಿದ ಚೌಕ ಟ್ರಾನ್ಸ್‌ಫಾರ್ಮರ್ ಇಐ, ವೇಗವಾಗಿ ಸ್ವಿಚ್ ಆಗುತ್ತಾ ಡಿಸಿ ಕೊಡುವ ಎಸ್‌ಎಂಪಿಎಸ್. ನನ್ನ ಮತ ಟೊರಾಯ್ಡ್‌ಗೆ: 18-0-18 ವೋಲ್ಟ್, 160 ವಿಎ, 35 ಆಂಪಿಯರ್ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್), ರೈಲಿಗೆ (ಪ್ಲಸ್, ಮೈನಸ್ ಸಪ್ಲೈ ಸಾಲು ಒಂದೊಂದಕ್ಕೂ) 10,000 ಮೈಕ್ರೊಫ್ಯಾರಡ್ ಕೆಪಾಸಿಟರ್. ಲೋಡ್ ಇಲ್ಲದಾಗ ರೈಲು 26-27 ವೋಲ್ಟಿಗೆ ಏರುತ್ತದೆ, ಮೇನ್ಸ್ ಹೆಚ್ಚಿದರೆ ಇನ್ನೂ ಮೇಲೆ. ಹಾಗಾಗಿ ಕೆಪಾಸಿಟರ್ 50 ವೋಲ್ಟಿನದೇ ಇರಲಿ.

ಇಐ ಅಗ್ಗ, ಗಟ್ಟಿ. ಆದರೆ ಅದರಿಂದ ಸೋರುವ ಕಾಂತಕ್ಷೇತ್ರ ವಾಲ್ಯೂಮ್ ಪಾಟ್‌ನ ತಂತಿಗಳಲ್ಲಿ 50 ಹರ್ಟ್ಸ್ ಹಮ್ ಎಬ್ಬಿಸುತ್ತದೆ. ಡಬ್ಬಿಗೆ ತೂತು ಕೊರೆಯುವ ಮೊದಲೇ ಅದನ್ನು ತಿರುಗಿಸಿ ತಿರುಗಿಸಿ ಹಮ್ ಕಡಿಮೆಯಾಗುವ ದಿಕ್ಕು ಹುಡುಕಿಕೊಳ್ಳಿ.

ಎಸ್‌ಎಂಪಿಎಸ್ ಹಗುರ, ವೋಲ್ಟೇಜೂ ಸ್ಥಿರ. ಎರಡು 24 ವೋಲ್ಟ್ ಮಾಡ್ಯೂಲ್ ಸೀರೀಸ್‌ನಲ್ಲಿ ಸೇರಿಸಿ, ನಡುವಿನ ಬಿಂದುವನ್ನು ಗ್ರೌಂಡ್ ಮಾಡಿದರೆ ಮುಗಿಯಿತು ಅನ್ನಿಸುತ್ತದೆ. ತಲೆನೋವು ಶುರುವಾಗುವುದೇ ಅಲ್ಲಿ. ಹಳೆಯ ಸಪ್ಲೈನ 10,000 ಮೈಕ್ರೊಫ್ಯಾರಡ್ ಕೆಪಾಸಿಟರ್‌ಗಳನ್ನು ಹಾಗೇ ಉಳಿಸಿಕೊಂಡರೆ, ಸ್ವಿಚ್ ಒತ್ತಿದಾಗ ಎಲ್‌ಇಡಿ ಮಿಣುಕಿ ಆರುತ್ತದೆ, ಮತ್ತೆ ಮಿಣುಕುತ್ತದೆ, ಒಳಗಿಂದ ಟಿಕ್ ಟಿಕ್ ಸದ್ದು. ಖಾಲಿ ಕೆಪಾಸಿಟರ್ ಮಾಡ್ಯೂಲಿನ ಕಣ್ಣಿಗೆ ಶಾರ್ಟ್ ಇದ್ದಂತೆ. ಓವರ್‌ಕರೆಂಟ್ ರಕ್ಷಣೆ ಪ್ರತಿ ಸಲವೂ ಕೈ ಎತ್ತುತ್ತದೆ. ಐಸಿ ಪಕ್ಕದಲ್ಲಿ ರೈಲಿಗೆ 1,000 ಮೈಕ್ರೊಫ್ಯಾರಡ್, ಜೊತೆಗೆ 0.1 ಮೈಕ್ರೊಫ್ಯಾರಡ್ ಇಟ್ಟರೆ ಸಾಮಾನ್ಯವಾಗಿ ಸಾಕು. ದೊಡ್ಡ ಕೆಪಾಸಿಟರ್ ಬೇಕೇ ಬೇಕೆಂದರೆ ರೈಲಿಗೊಂದು 10 ಓಮ್, 10 ವಾಟ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿ, ಒಂದು ಸೆಕೆಂಡಿನ ನಂತರ ರಿಲೇಯಿಂದ ಬೈಪಾಸ್ ಮಾಡಿ.

ಇಷ್ಟಾದರೂ ಎರಡೂ ಮಾಡ್ಯೂಲ್ ಒಟ್ಟಿಗೇ ಏಳುವುದಿಲ್ಲ. ಮೊದಲು ಎದ್ದದ್ದು ಲೋಡಿನ ಮೂಲಕ ಇನ್ನೊಂದರ ಔಟ್‌ಪುಟ್‌ಗೆ ಉಲ್ಟಾ ವೋಲ್ಟೇಜ್ ಕೊಡುತ್ತದೆ. ಪ್ರತಿ ಔಟ್‌ಪುಟ್‌ಗೂ ಅಡ್ಡಲಾಗಿ, ಕ್ಯಾಥೋಡ್ ಪ್ಲಸ್ ಕಡೆಗೆ ಬರುವಂತೆ, ಒಂದು ಶಾಟ್ಕಿ ಡಯೋಡ್ (ಕಡಿಮೆ ವೋಲ್ಟೇಜಿಗೇ ತೆರೆದುಕೊಳ್ಳುವ ಬಗೆ) ಹಾಕಲೇಬೇಕು. ಎಲ್‌ಎಂ3886ರೊಳಗೆ, ರೈಲು ಸಾಕಷ್ಟು ಏರುವವರೆಗೆ ಔಟ್‌ಪುಟ್ ತಡೆಹಿಡಿಯುವ ಅಂಡರ್‌ವೋಲ್ಟೇಜ್ ರಕ್ಷಣೆ ಇದೆ. ಬಿಡಿ ಟ್ರಾನ್ಸಿಸ್ಟರ್‌ಗಳ ಆಂಪ್ ಆದರೆ ಸ್ಪೀಕರ್‌ಗೆ ಡಿಸಿ ನುಗ್ಗದಂತೆ ತಡವಾಗಿ ಕೂಡುವ ರಿಲೇಯೂ ಬೇಕು.

ಟೊರಾಯ್ಡ್ ಕೇಳುವುದು ಇಷ್ಟೇ: ಸ್ಲೋ ಬ್ಲೋ ಫ್ಯೂಸ್ (ಕ್ಷಣಿಕ ಹೆಚ್ಚು ಕರೆಂಟಿಗೆ ಹಾರದ್ದು), ಮತ್ತು ನಡುವಿನ ಬೋಲ್ಟಿನ ಎರಡೂ ತುದಿ ಒಟ್ಟಿಗೇ ಲೋಹದ ಡಬ್ಬಿಗೆ ತಾಗಬಾರದು. ತಾಗಿದರೆ ಅದೇ ಒಂದು ಶಾರ್ಟ್ ಆದ ಸುತ್ತಾಗಿ ಫ್ಯೂಸ್ ಹಾರುತ್ತದೆ. ವೈರಿಂಗ್‌ನಲ್ಲಿ ಸೆಂಟರ್ ಟ್ಯಾಪ್ (18-0-18ರ ನಡುವಿನ 0 ತಂತಿ) ನೇರ ಕೆಪಾಸಿಟರ್‌ಗಳ ನಡುವಿನ ಬಿಂದುವಿಗೆ ಹೋಗಲಿ. ಅಲ್ಲಿಂದ ಒಂದು ತುಂಡು ದಪ್ಪ ತಂತಿ ಎಳೆದು ಸ್ಟಾರ್ ಗ್ರೌಂಡ್ (ಎಲ್ಲ ಗ್ರೌಂಡ್ ತಂತಿಗಳೂ ಸೇರುವ ಒಂದೇ ಬಿಂದು) ಬೇರೆಯೇ ಮಾಡಿ. ಸ್ಪೀಕರ್ ಮತ್ತು ಇನ್‌ಪುಟ್ ಗ್ರೌಂಡ್ ಕೆಪಾಸಿಟರ್ ತುಂಬುವ ಚಾರ್ಜಿಂಗ್ ಕರೆಂಟಿನ ದಾರಿಯಲ್ಲಿ ಕೂತರೆ, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ 100 ಹರ್ಟ್ಸ್ ಗುಂಯ್‌ಗುಡುವಿಕೆ ಹೋಗುವುದಿಲ್ಲ.

ರಾತ್ರಿ ಸಣ್ಣ ದನಿಯಲ್ಲಿ ಕೇಳುವವನು ನಾನು. ಡಬ್ಬಿ ಕದಲಿಸುವುದಿಲ್ಲ, ಒಂದೇ ಟ್ರಾನ್ಸ್‌ಫಾರ್ಮರನ್ನು ಬೋರ್ಡಿನಿಂದ ಬೋರ್ಡಿಗೆ ಬದಲಿಸುತ್ತೇನೆ. ಹಾಗಾಗಿ ಟೊರಾಯ್ಡ್‌ಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕೈ ಬಿಗಿಯಿದ್ದರೆ ಇಐ ಸಾಕು. ಒಂಟಿ ರೈಲಿನ ಕ್ಲಾಸ್ ಡಿ (ಸ್ವಿಚಿಂಗ್ ಬಗೆಯ ಆಂಪ್) ಬೋರ್ಡಿಗೆ ಮಾತ್ರ ಕಣ್ಣುಮುಚ್ಚಿ ಎಸ್‌ಎಂಪಿಎಸ್ ತೆಗೆದುಕೊಳ್ಳಿ. ಅಲ್ಲಿ ಸೀರೀಸ್ ಜೋಡಣೆಯ ತಂಟೆಯೇ ಇಲ್ಲ.