ಅಜಿನೊಮೊಟೊನಾ, ಟೊಮೆಟೊ ಸಾರಾ? ತಲೆನೋವು ಬರುವವರು ಏನು ಆರಿಸಬೇಕು

ಮಲ್ಲೇಶ್ವರದ ರಸ್ತೆ ಬದಿಯ ಗೋಬಿ ಮಂಚೂರಿ ತಿಂದರೆ ನನ್ನ ತಂಗಿಗೆ ತಲೆ ಭಾರವಾಗುತ್ತದೆ, ಮುಖ ಬಿಸಿಯಾಗುತ್ತದೆ. ಮನೆಯ ಟೊಮೆಟೊ ಸಾರಿಗೆ ಏನೂ ಆಗುವುದಿಲ್ಲ. ಆದರೆ ಗೋಬಿಗೆ ಹಾಕುವ ಅಜಿನೊಮೊಟೊ ಪುಡಿ, ಸಾರಿನ ಟೊಮೆಟೊ ಎರಡರಲ್ಲೂ ಇರುವುದು ರುಚಿ ಹೆಚ್ಚಿಸುವ ಗ್ಲುಟಮೇಟೇ.

1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಕಡಲಕಳೆಯಿಂದ ಇದನ್ನು ಬೇರ್ಪಡಿಸಿದರು. ಹಣ್ಣಾದ ಟೊಮೆಟೊ, ಅಣಬೆ, ಹಳೆಯ ಚೀಸ್‌ನಲ್ಲಿ ಇದು ತಾನಾಗಿಯೇ ಇರುತ್ತದೆ. ಪುಡಿಯಿಂದ ಬಂದದ್ದೋ ಟೊಮೆಟೊದಿಂದ ಬಂದದ್ದೋ, ದೇಹಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ಪ್ರಮಾಣದಲ್ಲಿ. ಊಟವಿಲ್ಲದೆ ಒಂದೇ ಸಲ 3 ಗ್ರಾಂ ಅಥವಾ ಜಾಸ್ತಿ ಪುಡಿ ಕೊಟ್ಟಾಗ ಕೆಲವರಿಗೆ ತಲೆನೋವು, ಬೆವರು, ಮರಗಟ್ಟುವಿಕೆ ಕಾಣಿಸಿದೆ. ಅದು ಬೇಗ ಹೋಗುತ್ತದೆ. ಪುಡಿ ಹಾಕಿದ ತಿನಿಸಿನ ಒಂದು ಪಾಲಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂಗಿಂತ ಕಡಿಮೆಯೇ ಇರುತ್ತದೆ. ಹೆಚ್ಚಿನವರಿಗೆ ತೊಂದರೆಯಿಲ್ಲ. ತಳ್ಳುಗಾಡಿಯಲ್ಲಿ ಅಳತೆ ಯಾರು ನೋಡುತ್ತಾರೆ, ಅದೇ ನನ್ನ ಚಿಂತೆ. ಜೊತೆಗೆ ಉಪ್ಪು, ಕರಿದ ಎಣ್ಣೆಯೂ ಇರುತ್ತದಲ್ವಾ? ಕೆಂಪು ಬಣ್ಣದ ಮಾತೇ ಬೇರೆ. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ.

ಪ್ಯಾಕೆಟ್ ಕೊಳ್ಳುವವರು ಸುಮ್ನೆ ಮುಂಭಾಗ ನೋಡಿ ನಂಬಬೇಡಿ. ಹಿಂದೆ ಅಜಿನೊಮೊಟೊದ ಸಂಕೇತ ಸಂಖ್ಯೆ 621 ಇಲ್ಲದಿದ್ದರೂ ಯೀಸ್ಟ್ ಎಕ್ಸ್‌ಟ್ರಾಕ್ಟ್ ಇದ್ದರೆ ಗ್ಲುಟಮೇಟ್ ಇದ್ದೇ ಇದೆ.

ನನ್ನ ಆಯ್ಕೆ ಸಾರು. ಗೋಬಿ ಬೇಕೇ ಬೇಕೆಂದರೆ ಅನ್ನ ಉಂಡ ಮೇಲೆ ಸ್ವಲ್ಪ ತಿನ್ನಿ, ಪುಡಿ ಬೇಡವೆಂದು ಮೊದಲೇ ಹೇಳಿ. ತಿಂದದ್ದು, ಆದದ್ದು ಎರಡು ವಾರ ಬರೆದಿಡಿ. ಉಸಿರು ಕಟ್ಟಿದರೆ, ತುಟಿ ಊದಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.