ಬಟ್ಟೆಯ ಭಾಗವನ್ನು ಮೊದಲು ಓದಿ: ನೇಮ್‌ಅಸ್ ತಾಣದ ಬಗ್ಗೆ ಒಬ್ಬ ಟೈಲರ್ ಮಾತು

ನಾನು 31 ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಮೆಷಿನ್ ಮುಂದೆ ಕೂತರೆ ಕಿವಿಯಲ್ಲಿ ಪಾಡ್‌ಕಾಸ್ಟ್ ಇರಲೇಬೇಕು. ಅದರಲ್ಲೂ ಕಾಣೆಯಾದವರ ಕಥೆ, ಬಗೆಹರಿಯದ ಕೊಲೆ ಕೇಸುಗಳೇ ಜಾಸ್ತಿ. ಒಂದು ದಿನ ಒಂದು ಕಂತಿನಲ್ಲಿ ಗುರುತು ಸಿಗದ ಹೆಂಗಸಿನ ಶವದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಕೊಂದವರು ಯಾರಿರಬಹುದು ಅಂತ ಒಂದರ ಮೇಲೊಂದು ಊಹೆ. ಅವಳ ಮೈಮೇಲೆ ಏನಿತ್ತು ಅನ್ನುವುದಕ್ಕೆ ಮಾತ್ರ ‘ನೀಲಿ ಅಂಗಿ’ ಅಂದು ಮುಗಿಸಿಬಿಟ್ಟರು. ಯಾವ ನೀಲಿ? ರೆಡಿಮೇಡೋ, ಮನೆಯಲ್ಲಿ ಹೊಲಿದಿದ್ದೋ? ಗುಂಡಿ ಎಡಗಡೆಯೋ ಬಲಗಡೆಯೋ? ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹಾಗೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ನೇಮ್‌ಅಸ್.

ಇದು ಅಲ್ಲಿನ ನ್ಯಾಯ ಇಲಾಖೆಯ ಕೆಳಗೆ ನಡೆಯುವ ದಾಖಲೆ ತಾಣ. ಯಾರು ಬೇಕಾದರೂ ನೋಡಬಹುದು, ಕಾಸು ಕೊಡಬೇಕಿಲ್ಲ. ಕಾಣೆಯಾದವರದು ಒಂದು ಕಡೆ, ಗುರುತು ಸಿಗದ ಶವಗಳದು ಇನ್ನೊಂದು ಕಡೆ. ಹೆಸರು ಗೊತ್ತಿದ್ದೂ ಶವ ಒಯ್ಯಲು ಮನೆಯವರು ಯಾರೂ ಬಾರದವರದು ಮೂರನೆಯ ಪಟ್ಟಿ. ಆ ದೇಶದಲ್ಲಿ ವರ್ಷಕ್ಕೆ 6 ಲಕ್ಷಕ್ಕೂ ಜಾಸ್ತಿ ಜನ ಕಾಣೆಯಾದ ವರದಿ ಬರುತ್ತದೆ. ಬಹುತೇಕರು ಬೇಗ ಸಿಗುತ್ತಾರೆ. ಗುರುತು ಗೊತ್ತಿಲ್ಲದ ಶವಗಳು ವರ್ಷಕ್ಕೆ ಸುಮಾರು 4,400 ಸಿಗುತ್ತವೆ ಅನ್ನುವುದು ಅಂದಾಜು. ಅದರಲ್ಲಿ ಸುಮಾರು 1,000 ಮಂದಿಗೆ ವರ್ಷ ಕಳೆದರೂ ಹೆಸರು ಸಿಗುವುದಿಲ್ಲ.

ಇಲ್ಲಿ ಕಥೆ ಹೇಳುವವರು ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಎತ್ತರ, ತೂಕ, ಗಾಯದ ಗುರುತು, ಹಚ್ಚೆ, ಬಟ್ಟೆ, ಒಡವೆ, ಅಷ್ಟೇ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಇದೇ. ಶವದ ಪುಟದಲ್ಲಿ ಇನ್ನೊಂದು ಪಟ್ಟಿ ಇರುತ್ತದೆ: ‘ಇವರಲ್ಲ’ ಅಂತ ಪರೀಕ್ಷಿಸಿ ತೆಗೆದುಹಾಕಿದ ಕಾಣೆಯಾದವರ ಹೆಸರುಗಳು. ಮೊದಲ ಸಲ ಅದನ್ನು ಓದಿದಾಗ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಪ್ರತಿ ಹೆಸರಿನ ಹಿಂದೆ ಒಂದು ಮನೆ ಇದೆ, ಅಲ್ವಾ? ನಮ್ಮ ಹುಡುಗಿ ಇವಳೇನಾ ಅಂತ ಕೇಳಿ, ಅಲ್ಲ ಅಂತ ಉತ್ತರ ಪಡೆದು, ಮತ್ತೆ ಕಾಯುತ್ತಾ ಕೂತ ಮನೆ.

ಬಟ್ಟೆಯ ಭಾಗ ಎಷ್ಟು ಮುಖ್ಯ ಅನ್ನುವುದಕ್ಕೆ ‘ಟೆಂಟ್ ಗರ್ಲ್’ ಕೇಸ್ ಒಂದೇ ಸಾಕು. 1968ರ ಮೇ ತಿಂಗಳಲ್ಲಿ ಕೆಂಟಕಿಯ ಜಾರ್ಜ್‌ಟೌನ್ ಹತ್ತಿರ ದಪ್ಪ ಕ್ಯಾನ್ವಾಸ್ ಸುತ್ತಿದ ಒಂದು ಶವ ಸಿಕ್ಕಿತು. ನೋಡಿದ್ದು ಬಾವಿ ಕೊರೆಯುವ ಒಬ್ಬಾತ. ವಯಸ್ಸು 16ರಿಂದ 19 ಅಂತ ಅಂದಾಜು ಮಾಡಿದರು. ಎಲ್ಲರೂ ಕಾಣೆಯಾದ ಹದಿಹರೆಯದವಳನ್ನೇ ಹುಡುಕಿದರು. ನಿಜಕ್ಕೂ ಅವಳಿಗೆ 24, ಮದುವೆಯಾಗಿತ್ತು, ಪುಟ್ಟ ಮಗುವಿತ್ತು. ಶವದ ಜೊತೆ ಸಿಕ್ಕ ಬಿಳಿ ಬಟ್ಟೆ ಮಗುವಿನ ಡೈಪರ್. ಅದನ್ನು ಮಡಿಸಿ, ಒಗೆದು, ಒಣಗಿಸಿದ ಯಾವ ತಾಯಿಯ ಕೈಗೆ ಕೊಟ್ಟಿದ್ದರೂ ಗುರುತಿಸುತ್ತಿದ್ದಳೇನೋ ಅಂತ ನನಗೆ ಈಗಲೂ ಅನ್ನಿಸುತ್ತದೆ. ಹೆಸರು ಸಿಕ್ಕಿದ್ದು 30 ವರ್ಷದ ಮೇಲೆ, 1998ರಲ್ಲಿ. ಶವ ಕಂಡವನ ಅಳಿಯ ಟಾಡ್ ಮ್ಯಾಥ್ಯೂಸ್ ವರ್ಷಗಟ್ಟಲೆ ಹುಡುಕಿ, ಕಾಣೆಯಾದ ತಮ್ಮವರನ್ನು ಹುಡುಕುವವರು ಬರೆದುಕೊಳ್ಳುವ ಇಂಟರ್ನೆಟ್ ಪುಟಗಳಲ್ಲಿ ಅವಳ ಮನೆಯವರನ್ನು ಪತ್ತೆ ಮಾಡಿದ. ಮುಂದೆ ಆತ ನೇಮ್‌ಅಸ್‌ನಲ್ಲೇ ಕೆಲಸ ಮಾಡಿದ.

ನೀವೂ ನೋಡುವುದಾದರೆ ಲೇಬಲ್ ಬಗ್ಗೆ ಬರೆದಿದ್ದಾರಾ ಅಂತ ಮೊದಲು ಗಮನಿಸಿ. ಅಮೆರಿಕದ ಎಷ್ಟೋ ಬಟ್ಟೆಗಳ ಲೇಬಲ್ ಮೇಲೆ ‘ಆರ್‌ಎನ್’ ಅಂತ ಒಂದು ಸಂಖ್ಯೆ ಇರುತ್ತದೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯದು ಅಂತ ಬರುತ್ತದೆ. ಒಗೆಯುವ ವಿಧಾನ ಹೇಳುವ ಲೇಬಲ್ ಅಲ್ಲಿ ಕಡ್ಡಾಯವಾಗಿದ್ದು 1972ರಲ್ಲಿ. ಅಂಥ ಲೇಬಲ್ ಇದ್ದರೆ ಬಟ್ಟೆ ಬಹುಶಃ ಆಮೇಲಿನದು. ಇಲ್ಲದಿದ್ದರೆ ಏನೂ ಹೇಳಲಾಗದು, ಚುಚ್ಚುತ್ತದೆ ಅಂತ ಕತ್ತರಿಸಿ ಎಸೆಯುವವರು ಬೇಕಾದಷ್ಟು ಜನ ಇದ್ದಾರೆ.

ಕೊರತೆಯೂ ಇದೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಪೊಲೀಸರು ಇಲ್ಲಿ ಕೇಸ್ ಹಾಕಲೇಬೇಕು ಅನ್ನುವ ಕಾನೂನು ಇಲ್ಲ. ಹಾಗಾಗಿ ಒಬ್ಬರ ಹೆಸರು ಇಲ್ಲಿ ಸಿಗಲಿಲ್ಲ ಅಂದರೆ ಅವರು ಕಾಣೆಯಾಗಿಲ್ಲ ಅಂತ ಅರ್ಥವಲ್ಲ. ಕೆಲವು ಪುಟಗಳಲ್ಲಿ ಬಟ್ಟೆಯ ಜಾಗ ಪೂರ್ತಿ ಖಾಲಿ. ಘಟನೆಯ ವಿವರ ಒಂದೇ ಸಾಲು. ವಿವರ ಬೇಕಾದರೆ ಜೊತೆಗೆ ಚಾರ್ಲಿ ಪ್ರಾಜೆಕ್ಟ್ ತೆರೆದಿಟ್ಟುಕೊಳ್ಳಿ. 1874ರಲ್ಲಿ ಫಿಲಡೆಲ್ಫಿಯಾದಿಂದ ಅಪಹರಣವಾಗಿ ಮರಳಿ ಬಾರದ 4 ವರ್ಷದ ಚಾರ್ಲಿ ರಾಸ್ ಹೆಸರಿನಲ್ಲಿರುವ, ಕಾಣೆಯಾದವರ ವಿವರ ಬರೆದಿಡುವ ತಾಣ ಅದು. ಒಬ್ಬ ಮಹಿಳೆ 2004ರಿಂದ ನಡೆಸುತ್ತಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಚಿತ್ರ ಪೂರ್ತಿ ಆಗುತ್ತದೆ.

ಕಾಣೆಯಾದ ಒಬ್ಬರಿಗೂ ಗುರುತು ಸಿಗದ ಒಂದು ಶವಕ್ಕೂ ಹೊಂದಿಕೆ ಕಂಡರೆ ಪುಟದಲ್ಲೇ ಹೆಸರಿರುವ ತನಿಖಾ ಕಚೇರಿಗೆ ತಿಳಿಸಿ. ದಯವಿಟ್ಟು ಮನೆಯವರಿಗೆ ಸಂದೇಶ ಕಳಿಸಬೇಡಿ. ನಿಮ್ಮ ಊಹೆ ತಪ್ಪಾದರೆ ಆ ನೋವು ಅವರು ಉಣ್ಣಬೇಕು.

ನೇಮ್‌ಅಸ್‌ನವರಲ್ಲಿ ನನ್ನದೊಂದು ಕೋರಿಕೆ. ಬಟ್ಟೆಯ ಹೊರಗಿನ ಫೋಟೋ ಜೊತೆ, ಆದಷ್ಟು ಕೇಸುಗಳಲ್ಲಿ ಅದನ್ನು ತಿರುವಿಹಾಕಿ ಒಳಗಿನ ಫೋಟೋವನ್ನೂ ಹಾಕಿ. 20 ವರ್ಷದ ಹಿಂದೆ ನಾನೇ ಹೊಲಿದ ಬ್ಲೌಸ್ ಬಂದರೆ ಬಣ್ಣ ನೋಡಿ ನನಗೆ ಗೊತ್ತಾಗುವುದಿಲ್ಲ. ಒಳಗೆ ಎಷ್ಟು ಮಾರ್ಜಿನ್ ಬಿಟ್ಟಿದೆ, ಹೆಮ್ಮಿಂಗ್ ದಾರ ಹೇಗೆ ಎಳೆದಿದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ.